ಹುಲಿ ತಲೆ ಎಷ್ಟು ಕೆಜಿ ಬರುತ್ತೆ?

ಶುರುವಾಗಿದ್ದು ಒಂದು ಹರಿದ ಕಿವಿಯಿಂದ.

2023ರ ಅಕ್ಟೋಬರ್ ಕೊನೆ. ಹುಲಿ ಉಗುರಿನ ಪೆಂಡೆಂಟ್ ಹಾಕಿಕೊಂಡವರ ಮೇಲೆ ಕೇಸು ಬೀಳುತ್ತಿದ್ದ ಸಮಯ, ಟೀವಿ ಹಾಕಿದರೆ ಅದೇ ಸುದ್ದಿ. ಆಗ ಮೈಸೂರಿನ ಒಂದು ಹಳೇ ಮನೆಯಿಂದ ಫೋನ್ ಬಂತು. "ನೀವು ಶಿಲ್ಪ ಮಾಡೋರಂತೆ, ಒಂದು ಸಣ್ಣ ರಿಪೇರಿ ಇದೆ, ಬಂದು ನೋಡ್ತೀರಾ?" ಅಂದರು. ಯಾವುದೋ ಹಿತ್ತಾಳೆ ದೀಪ ಇರಬೇಕು ಅಂದುಕೊಂಡು ಹೋದೆ. ನಡುಮನೆಯ ಗೋಡೆ ಮೇಲೆ ಬಾಯಿ ತೆರೆದ ಹುಲಿ ತಲೆ. ಬಲಗಿವಿ ಹರಿದು ಜೋತಾಡುತ್ತಿತ್ತು. ಸ್ಟೂಲ್ ಹತ್ತಿ ನೋಡಿದರೆ, ಚರ್ಮ ಎದ್ದ ಜಾಗದಲ್ಲಿ ಒಳಗೆ ಕಂಡಿದ್ದು ಕಾಗದ. ಪದರ ಪದರವಾಗಿ ಅಂಟಿಸಿ ಗಟ್ಟಿ ಮಾಡಿದ ಕಾಗದ.

ನನಗೆ ನಗು ಬಂತು, ತಡೆದುಕೊಂಡೆ. ಇಷ್ಟು ದಿನ ಇಂಥ ತಲೆಗಳನ್ನು ನೋಡಿದಾಗೆಲ್ಲ ಒಳಗೆ ಬುರುಡೆ, ಮೂಳೆ ಎಲ್ಲ ಹಾಗೇ ಇರುತ್ತೆ ಅನ್ನೋದು ನನ್ನ ತಲೆಯಲ್ಲಿತ್ತು. ಇಲ್ಲಿ ನೋಡಿದರೆ ಗಣೇಶನ ಹಬ್ಬಕ್ಕೆ ಮಾಡೋ ಕಾಗದದ ಗಣಪನ ಹಾಗೆ.

ರಿಪೇರಿ ಮಾಡಲ್ಲ ಅಂದೆ. ಇಂಥದ್ದಕ್ಕೆ ಮಾಲೀಕತ್ವದ ಸರ್ಟಿಫಿಕೇಟ್ ಬೇಕು, ಕೇಳಿದರೆ "ಎಲ್ಲೋ ಇರಬೇಕು, ನಮ್ಮ ತಾತನ ಕಾಲದ್ದು" ಅಂದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದು ಸುಮ್ನೆ ಮನೆ ಅಲಂಕಾರದ ವಿಷಯ ಅಲ್ಲ, ಅರಣ್ಯ ಇಲಾಖೆಯವರನ್ನೇ ಕೇಳಿ ಅಂತ ಹೇಳಿ ಕಾಫಿ ಕುಡಿದು ಎದ್ದು ಬಂದೆ. ಆದರೆ ಆ ಕಾಗದ ತಲೆಯಿಂದ ಹೋಗಲಿಲ್ಲ.

ಮೈಸೂರಿನವರಿಗೆ ವ್ಯಾನ್ ಇಂಗೆನ್ ಹೆಸರು ಗೊತ್ತಿರುತ್ತೆ. 1900ರ ಆಸುಪಾಸಿನಲ್ಲಿ ಶುರುವಾಗಿ 1990ರ ದಶಕದ ಕೊನೆಯವರೆಗೂ ನಡೆದ, ಬೇಟೆಯಾಡಿದ ಪ್ರಾಣಿಗಳನ್ನು ಗೋಡೆಗೆ ಹಾಕೋ ಟ್ರೋಫಿ ಮಾಡಿಕೊಡುತ್ತಿದ್ದ ಕಾರ್ಖಾನೆ. ಮಹಾರಾಜರು, ವೈಸ್‌ರಾಯ್‌ಗಳು, ಕಾಫಿ ಎಸ್ಟೇಟಿನ ದೊರೆಗಳು, ಎಲ್ಲರೂ ಹೊಡೆದ ಪ್ರಾಣಿಯ ಚರ್ಮವನ್ನು ಇಲ್ಲಿಗೆ ಕಳಿಸುತ್ತಿದ್ದರು. ಹುಲಿ ಚಿರತೆ ಎರಡೇ ಲೆಕ್ಕ ಹಾಕಿದರೂ 43,000ಕ್ಕೂ ಜಾಸ್ತಿ ಇಲ್ಲಿಂದ ಹೊರಬಿದ್ದಿವೆ. ಅಚ್ಚುಗಳಿದ್ದವು, ಆ ಅಚ್ಚಿನಲ್ಲಿ ಕಾಗದದ ಮೈ ಎರಕ ತೆಗೆದು ಮೇಲೆ ಚರ್ಮ ಹೊದಿಸುತ್ತಿದ್ದರು. ಬೇಟೆಯಾಡಿದವನು ಕೇಳಿದ ಮುಖ ಕೊಡುತ್ತಿದ್ದರು. ಓಡಿಹೋಗುವಾಗ ಬೆನ್ನಿಗೆ ಗುಂಡು ತಿಂದ ಹುಲಿಯೂ ಗೋಡೆ ಮೇಲೆ ಬಂದಾಗ ಘರ್ಜಿಸಲೇಬೇಕು, ಇಲ್ಲದಿದ್ದರೆ ಹೊಡೆದವನ ಶೌರ್ಯ ಏನು ಉಳಿಯಿತು? ಕೈಕೆಲಸ ಮಾತ್ರ ಅದ್ಭುತ. ಅದನ್ನು ಒಪ್ಪಿಕೊಳ್ಳಲೇಬೇಕು. ಮೂತಿಯ ಮೇಲಿನ ಸುಕ್ಕು ನೋಡಿದರೆ, ಅದನ್ನು ತಿದ್ದಿದ ಕೈಗೆ ನನಗಿಂತ ಚೆನ್ನಾಗಿ ಶಿಲ್ಪ ಗೊತ್ತಿತ್ತು ಅನ್ನಿಸುತ್ತೆ. ಆದರೆ ಕೆಳಗಿನ ಫಲಕದಲ್ಲಿ ಇರೋದು ಗುಂಡು ಹೊಡೆದವನ ಹೆಸರು.

ಆ ಫಲಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಗುಜರಿ ಸಾಮಾನಿನಲ್ಲಿ ಕೆಲಸ ಮಾಡೋನು. ಕಲ್ಲು ಕೆತ್ತೋದು ಕಲಿತೆ, ಬೆನ್ನು ನೋವಿಗೆ ಬಿಟ್ಟೆ, ಕಂಚು ಎರಕಕ್ಕೆ ದುಡ್ಡಿರಲಿಲ್ಲ. ಗುಜರಿ ಅಗ್ಗ ಅನ್ನೋ ಒಂದೇ ಕಾರಣಕ್ಕೆ ಶುರು ಮಾಡಿದ್ದು, ದೊಡ್ಡ ತತ್ವ ಏನೂ ಇರಲಿಲ್ಲ. ಟ್ರೋಫಿ ಮಾಡಬೇಕು, ಆದರೆ ಗುಜರಿಯಿಂದ ಮಾಡಬೇಕು ಅನ್ನೋದು ಕಿವಿ ನೋಡಿದ ದಿನವೇ ಹೊಳೆಯಿತು. ಆದರೆ "ಗುಜರಿಯಿಂದ ಹುಲಿ ತಲೆ" ಅಂದರೆ ಅಷ್ಟಕ್ಕೇ ಏನಾಯಿತು? ದಸರಾ ಫಲಪುಷ್ಪ ಪ್ರದರ್ಶನದಲ್ಲಿ ತರಕಾರಿಯಿಂದ ಆನೆ ಮಾಡಿದ ಹಾಗೆ.

ಏನೋ ಒಂದು ಬೇಕಿತ್ತು. ಅದು ಸಿಕ್ಕಿದ್ದು ಒಂದು ಪದಕದಲ್ಲಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಇದು ಎಲ್ಲರಿಗೂ ಗೊತ್ತು. ಆಮೇಲೆ ಏನಾಯಿತು ಅನ್ನೋದು ಅಷ್ಟು ಗೊತ್ತಿಲ್ಲ. ಮೊದಲು ಲೂಟಿ. ಆಮೇಲೆ ಲೆಕ್ಕಪತ್ರ ಇಟ್ಟು ನಡೆದ ಲೂಟಿ. ಸೈನ್ಯದ ಕಡೆಯಿಂದ ಪ್ರೈಜ್ ಏಜೆಂಟರು ಅಂತ ಇದ್ದರು. ಸಿಕ್ಕಿದ್ದನ್ನೆಲ್ಲ ಬೆಲೆ ಕಟ್ಟಿ, ಹರಾಜು ಹಾಕಿ, ದರ್ಜೆಗೆ ತಕ್ಕ ಹಾಗೆ ಹಂಚೋದು ಅವರ ಕೆಲಸ. ಟಿಪ್ಪುವಿನ ಸಿಂಹಾಸನ ಮರದ್ದು, ಮೇಲೆ ಚಿನ್ನದ ತಗಡು. ಅದನ್ನು ಹಾಗೇ ಹಂಚೋಕ್ಕಾಗಲ್ಲ ಅಲ್ವಾ? ಒಡೆದು ತುಂಡು ಮಾಡಿದರು. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ರಾಜನಿಗೆ ಕಳಿಸೋ ಆಸೆ ಇತ್ತು, ಏಜೆಂಟರ ಅವಸರದಿಂದ ಕೆಟ್ಟಿತು ಅಂತ ಬೇಜಾರು ಮಾಡಿಕೊಂಡು ಬರೆದ. ದೊಡ್ಡ ಚಿನ್ನದ ಹುಲಿ ತಲೆ ಈಗ ವಿಂಡ್ಸರ್ ಕೋಟೆಯಲ್ಲಿದೆ. ಸಿಂಹಾಸನದ ಛತ್ರಿಯ ಮೇಲಿದ್ದ ಹುಮಾ ಹಕ್ಕಿಯೂ (ಕಥೆಗಳಲ್ಲಿ ಬರೋ ಅದೃಷ್ಟದ ಹಕ್ಕಿ) ಬ್ರಿಟಿಷ್ ರಾಜಮನೆತನದ ಹತ್ತಿರವೇ. ಸುತ್ತ ಇದ್ದ ಚಿಕ್ಕ ಹುಲಿ ತಲೆಗಳಲ್ಲಿ ಒಂದು ವೇಲ್ಸ್‌ನ ಪೊವಿಸ್ ಕ್ಯಾಸಲ್‌ನಲ್ಲಿ. ಇನ್ನೊಂದಕ್ಕೆ 2021ರಲ್ಲಿ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ದೇಶ ಬಿಟ್ಟು ಹೋಗಬಾರದು ಅಂತ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಯಾವ ದೇಶ ಬಿಟ್ಟು? ಬ್ರಿಟನ್ ಬಿಟ್ಟು. ಆ ಸುದ್ದಿಯನ್ನು ನಾನು ಎರಡು ಸಲ ಓದಿದೆ.

ಇದೆಲ್ಲದರ ಜೊತೆಗೆ ಈಸ್ಟ್ ಇಂಡಿಯಾ ಕಂಪನಿ ಒಂದು ಪದಕ ಮಾಡಿಸಿತು. ಶ್ರೀರಂಗಪಟ್ಟಣ ಪದಕ. ಬರ್ಮಿಂಗ್‌ಹ್ಯಾಮಿನ ಸೊಹೊ ಟಂಕಸಾಲೆಯಲ್ಲಿ ಅಚ್ಚಾಗಿದ್ದು. ಒಂದು ಕಡೆ ಕೋಟೆಗೆ ನುಗ್ಗುತ್ತಿರುವ ಸೈನ್ಯ, ಇನ್ನೊಂದು ಕಡೆ ಹುಲಿಯನ್ನು ಕೆಡವಿ ಮೇಲೆ ನಿಂತ ಸಿಂಹ. ಸಿಂಹ ಬ್ರಿಟನ್, ಹುಲಿ ಟಿಪ್ಪು. ಚಿತ್ರ ಎಲ್ಲರಿಗೂ ಒಂದೇ. ಲೋಹ ಮಾತ್ರ ಬೇರೆ ಬೇರೆ. ದೊಡ್ಡ ದೊಡ್ಡವರಿಗೆ ಚಿನ್ನ. ಅವರ ಕೆಳಗಿನವರಿಗೆ ಚಿನ್ನದ ನೀರು ಹಾಕಿದ ಬೆಳ್ಳಿ. ಆಮೇಲೆ ಬರೀ ಬೆಳ್ಳಿ, ಆಮೇಲೆ ಕಂಚು. ಕೊನೆಗೆ ಸಾಮಾನ್ಯ ಸಿಪಾಯಿಗೆ ತವರ. ಎಲ್ಲಕ್ಕಿಂತ ಜಾಸ್ತಿ ಅಚ್ಚಾಗಿದ್ದು ತವರದ್ದೇ. ಆ ಸಿಪಾಯಿಗಳಲ್ಲಿ ಬಹಳ ಜನ ಈ ದೇಶದವರೇ ಅನ್ನೋದನ್ನು ಮರೆಯಬಾರದು. ನಮ್ಮವನ ಎದೆ ಮೇಲೆ, ನಮ್ಮ ಹುಲಿಯನ್ನು ತುಳಿಯುತ್ತಿರೋ ಸಿಂಹ, ಅದೂ ತವರದಲ್ಲಿ. ತವರ ಅಂದರೆ ಅಮ್ಮ ಪಾತ್ರೆಗೆ ಹಾಕಿಸುತ್ತಿದ್ದಳಲ್ಲ ಕಲಾಯಿ, ಅದೇ.

ಅಲ್ಲಿಗೆ ನನ್ನ ಕೆಲಸ ಗೊತ್ತಾಯಿತು. ಐದು ಹುಲಿ ತಲೆ. ಒಂದೇ ಅಳತೆ. ಐದು ದರ್ಜೆಯ ಲೋಹ. ಎಲ್ಲಾ ಗುಜರಿಯಿಂದ.

ಮಂಡಿ ಮೊಹಲ್ಲಾ ಕಡೆ ಒಬ್ಬರು ಗುಜರಿ ಅಂಗಡಿ ಭಾಯ್ ಇದ್ದಾರೆ, ನನಗೆ ಹತ್ತು ವರ್ಷದ ಪರಿಚಯ. ಏನು ಬೇಕು ಅಂತ ಹೇಳಿದೆ. ಹುಲಿ ಹಣೆಗೆ ಜಾವಾ ಬೈಕಿನ ಪೆಟ್ರೋಲ್ ಟ್ಯಾಂಕ್ ಬೇಕು ಅಂದೆ. ಜಾವಾ ಟ್ಯಾಂಕಿನ ಆಕಾರ ನೆನಪಿದೆಯಾ? ಮುಂದೆ ಗುಂಡಗೆ, ಹಿಂದೆ ಸಣ್ಣಗೆ. ಕೆಳಗೆ ಫ್ರೇಮ್ ಕೂರೋದಕ್ಕೆ ಒಂದು ಕಾಲುವೆ. ತಿರುಗಿಸಿ ಹಿಡಿದರೆ ಹಣೆ, ಮೂಗು, ತೆರೆದ ಬಾಯಿ ಮೂರೂ ತಾನಾಗೇ ಸಿಗುತ್ತೆ. ಭಾಯ್ ತಲೆಯಾಡಿಸಿದರು. "ಜಾವಾ, ಯೆಜ್ಡಿದು ಈಗ ಗುಜರಿ ಅಲ್ಲ ಸಾರ್. ಬೆಂಗಳೂರಿಂದ ಹುಡುಗರು ಬಂದು ಕೇಳಿದಷ್ಟು ಕೊಟ್ಟು ತಗೊಂಡು ಹೋಗ್ತಾರೆ."

ಇಲ್ಲೇ ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ ಹೊಸತರಲ್ಲಿ ಆ ಗಾಡಿಗಳನ್ನು ತೂಕಕ್ಕೆ ಹಾಕಿದವರನ್ನು ನಾನೇ ಕಂಡಿದ್ದೇನೆ. ಅವರ ಜಾಹೀರಾತಿನಲ್ಲಿ "ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ" ಅಂತ ಇರುತ್ತಿತ್ತು. ನಡುವೆ ಒಂದಿಷ್ಟು ವರ್ಷ ವ್ಯಾಲ್ಯೂ ಎಲ್ಲೋ ಹೋಗಿತ್ತು, ಈಗ ವಾಪಸ್ ಬಂದಿದೆ. ಕಬ್ಬಿಣ ಅದೇ ಕಬ್ಬಿಣ. ಕೊನೆಗೆ ತಳ ತೂತಾಗಿ ಪ್ಯಾಚ್ ಮೇಲೆ ಪ್ಯಾಚ್ ಹಾಕಿದ್ದ ಒಂದು ಟ್ಯಾಂಕ್ ಸಿಕ್ಕಿತು, ಅದಕ್ಕೂ 900 ರೂಪಾಯಿ. ಸರಿ, ಇದು ಚಿನ್ನದ ದರ್ಜೆಗೆ ಅಂತ ಆವತ್ತೇ ತೀರ್ಮಾನ ಮಾಡಿದೆ.

ಉಳಿದದ್ದು ಹೀಗೆ ಕೂಡಿತು. ಚಿನ್ನದ ತಲೆಗೆ ಜಾವಾ ಟ್ಯಾಂಕ್, ಮೈಮೇಲಿನ ಪಟ್ಟೆಗೆ ಹಳೇ ಕಂಪ್ಯೂಟರ್, ಮೊಬೈಲಿನ ಸರ್ಕ್ಯೂಟ್ ಬೋರ್ಡು, ಅದರ ತುದಿಯಲ್ಲಿ ಕೂದಲೆಳೆಯಷ್ಟು ನಿಜವಾದ ಚಿನ್ನ ಇರುತ್ತೆ. ಎರಡನೇದಕ್ಕೆ ಮುರಿದ ಒಂದು ಗ್ರಾಂ ಚಿನ್ನದ ಒಡವೆಗಳು, ಕೆಳಗೆ ಚೇತಕ್ ಸ್ಕೂಟರಿನ ಎರಡು ಡುಬ್ಬ ಕೆನ್ನೆಯಾಗಿ. ಬೆಳ್ಳಿಗೆ ಅಲ್ಯೂಮಿನಿಯಂ ಪಾತ್ರೆ ಮತ್ತು ಜರ್ಮನ್ ಸಿಲ್ವರ್ ತಟ್ಟೆ (ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ, ತಾಮ್ರ, ನಿಕ್ಕಲ್, ಸತು ಅಷ್ಟೇ, ಮದುವೆಗೆ ಕೊಡೋರು ಬೇಜಾರು ಮಾಡ್ಕೋಬೇಡಿ). ಕಂಚಿಗೆ ಒಡೆದ ಕಂಚಿನ ತಟ್ಟೆ, ಹಿತ್ತಾಳೆ ನಲ್ಲಿ, ಒಂದು ಬಿರುಕುಬಿಟ್ಟ ಗಂಟೆ. ತವರಕ್ಕೆ 15 ಕೆಜಿಯ ಎಣ್ಣೆ ಡಬ್ಬಗಳು. ಆ ಡಬ್ಬ ಕಬ್ಬಿಣದ ತಗಡು, ಮೇಲೆ ತೆಳ್ಳಗೆ ತವರ. ಸಿಪಾಯಿ ಪದಕದ ಲೋಹ ಎಣ್ಣೆ ಡಬ್ಬದ ಮೇಲೆ ಕೂತಿದೆ ಅಂತ ಗೊತ್ತಾದಾಗ ಖುಷಿಯಾಯಿತು.

ಕಣ್ಣಿಗೆ ಗೋಲಿ ಸೋಡಾದ ಗೋಲಿ. ಹತ್ತೂ ಕಣ್ಣಿಗೂ ಅದೇ. ಕಣ್ಣಿನಲ್ಲಿ ದರ್ಜೆ ಬೇಡ ಅನ್ನಿಸಿತು. ಮೀಸೆಗೆ ಸೈಕಲ್ ಕಡ್ಡಿ, ಕೋರೆಹಲ್ಲಿಗೆ ಮಂಡ್ಯ ಕಡೆ ಕಬ್ಬು ಕಡಿದು ಸವೆದ ಕತ್ತಿಯ ತುಂಡು.

ಕೆಲಸದ ವಿಷಯ ಸ್ವಲ್ಪ ಹೇಳಬೇಕು, ಮಾಡೋ ಮನಸ್ಸಿದ್ದವರಿಗೆ. ಪೆಟ್ರೋಲ್ ಟ್ಯಾಂಕ್‌ಗೆ ವೆಲ್ಡಿಂಗ್ ಹಚ್ಚುವ ಮುಂಚೆ ಸೋಪಿನ ನೀರಲ್ಲಿ ತೊಳೆದು, ದಿನಗಟ್ಟಲೆ ಬಾಯಿ ತೆರೆದಿಟ್ಟು, ಆಮೇಲೆ ವೆಲ್ಡ್ ಮಾಡೋ ಜಾಗದ ಹತ್ತಿರದವರೆಗೂ ನೀರು ತುಂಬಿಸಿ ಮಾಡಿ. ವಾಸನೆ ಹೋಯಿತು ಅಂತ ನಂಬಬೇಡಿ. ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ಇರುತ್ತೆ. ಎರಡನೇದು ಜಿಐ ಬಕೆಟ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಕಿವಿಗೆ ಅಂತ ಒಂದು ಹಳೇ ಬಕೆಟ್ ಕತ್ತರಿಸಿ, ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡು ವೆಲ್ಡ್ ಮಾಡಿದೆ. ಬಿಳಿ ಹೊಗೆ ಬಂತು, ಬಾಯಲ್ಲಿ ಒಂಥರಾ ಸಿಹಿ ರುಚಿ. ರಾತ್ರಿ ಚಳಿ ಜ್ವರ. ಮಲೇರಿಯಾ ಅಂದುಕೊಂಡೆ. ಬೆಳಿಗ್ಗೆ ವೆಲ್ಡಿಂಗ್ ಶಾಪಿನ ಅಣ್ಣನಿಗೆ ಫೋನ್ ಮಾಡಿದರೆ ಬೈದು, "ಸತುವಿನ ಹೊಗೆ ಕುಡಿದಿದ್ದೀಯ ಮಾರಾಯ, ಮೊದಲು ಗ್ರೈಂಡರ್ ಹಾಕಿ ಮೇಲಿನ ಸತು ತೆಗಿಬೇಕು, ಬಯಲಲ್ಲಿ ನಿಂತು ಮಾಡಬೇಕು" ಅಂದರು. ಎರಡು ದಿನಕ್ಕೆ ಸರಿಹೋಯಿತು. ಅಲ್ಯೂಮಿನಿಯಂ ಕಬ್ಬಿಣಕ್ಕೆ ವೆಲ್ಡ್ ಆಗಲ್ಲ, ರಿವೆಟ್ ಹೊಡೆಯಿರಿ. ಎಣ್ಣೆ ಡಬ್ಬದ ತಗಡಿಗೆ ವೆಲ್ಡಿಂಗ್ ಕಡ್ಡಿ ಮುಟ್ಟಿಸಿದರೆ ತೂತು ಬೀಳುತ್ತೆ. ಅದಕ್ಕೆ ಒಳಗೆ 8 ಎಂಎಂ ಸರಳಿನ ಅಸ್ಥಿಪಂಜರ ಮಾಡಿಕೊಂಡು ತಗಡನ್ನು ಮಡಚಿ ಬೆಸುಗೆ ಹಾಕಿದೆ.

ಮೊದಲು ಮಾಡಿದ್ದು ಚೇತಕ್ ತಲೆ. ಮಾಡಿ, ಹಳದಿ ಬಣ್ಣ ಬಳಿದು ಕಪ್ಪು ಪಟ್ಟೆ ಎಳೆದೆ. ಪಕ್ಕದ ಮನೆಯವರು ಬಂದು "ಸೂಪರ್! ಥೇಟ್ ಹುಲಿ!" ಅಂದರು. ಅವರ ಮಗು ಹೆದರಿ ಅತ್ತಿತು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಥೇಟ್ ಹುಲಿ ಆಗಿದ್ದೇ ತಪ್ಪು. ನೋಡಿದವರು ಹೇಗೆ ಮಾಡಿದ್ರಿ ಅಂತ ಕೇಳಿ ಹೋಗುತ್ತಾರೆ, ಅಷ್ಟೇ. ಪಿಕಾಸೊ 1942ರಲ್ಲಿ ಒಂದು ಸೈಕಲ್ ಸೀಟು, ಒಂದು ಹ್ಯಾಂಡಲ್, ಎರಡೇ ಎರಡು ಸಾಮಾನು ಜೋಡಿಸಿ ಗೂಳಿ ತಲೆ ಮಾಡಿದ. ಅದನ್ನು ನೋಡಿದರೆ ಒಂದು ಕ್ಷಣ ಗೂಳಿ, ಮರುಕ್ಷಣ ಸೈಕಲ್ ಸೀಟು. ಎರಡರ ನಡುವೆ ಕಣ್ಣು ಓಡಾಡುತ್ತೆ. ಆ ಓಡಾಟ ನಿಂತುಹೋದರೆ ಅದು ಗೊಂಬೆ. ಬೆನಿನ್ ದೇಶದ ರೊಮುವಾಲ್ಡ್ ಅಜುಮೆ ಪೆಟ್ರೋಲ್ ಕ್ಯಾನಿನಿಂದ ಮುಖವಾಡ ಮಾಡುತ್ತಾರೆ. ಕ್ಯಾನು ಕ್ಯಾನಾಗೇ ಇರುತ್ತೆ, ಆದರೂ ಮುಖ. ನಮ್ಮ ಕರಾವಳಿ ಮೂಲದ ಕಲಾವಿದ ಎಲ್. ಎನ್. ತಲ್ಲೂರ್ ಕೆಲಸದಲ್ಲೂ ಹಳೇ ವಸ್ತು ತನ್ನ ಹಳೇ ಗುರುತು ಬಿಡಲ್ಲ. ಸರಿ ಅಂತ ಥಿನ್ನರ್ ಹಾಕಿ ಬಣ್ಣ ಪೂರ್ತಿ ತೆಗೆದೆ. ಚೇತಕ್‌ನ ಡುಬ್ಬದ ಮೇಲೆ ಯಾರೋ ಬರೆಸಿದ್ದ "ತಾಯಿಯ ಆಶೀರ್ವಾದ" ಅನ್ನೋ ಅಕ್ಷರ ಅರ್ಧ ಕಾಣುತ್ತೆ, ಅದನ್ನು ಬಿಟ್ಟೆ.

ಮಧ್ಯೆ ಒಂದು ವಿಷಯ ಓದಿದೆ, ಬಹಳ ದಿನ ಕಾಡಿತು. ಟ್ರೋಫಿ ಅನ್ನೋ ಪದ ಗ್ರೀಕ್ ಮೂಲದ್ದು, ತಿರುಗೋದು ಅನ್ನೋ ಅರ್ಥದಿಂದ ಬಂದಿದ್ದು. ಯುದ್ಧದಲ್ಲಿ ಶತ್ರು ಬೆನ್ನು ತಿರುಗಿಸಿ ಓಡಿದ ಜಾಗದಲ್ಲೇ ಒಂದು ಮರಕ್ಕೋ ಕಂಬಕ್ಕೋ ಅವನು ಬಿಟ್ಟುಹೋದ ಟೋಪಿ, ಗುರಾಣಿ, ಎದೆಕವಚ ನೇತುಹಾಕಿ ಮನುಷ್ಯನ ಹಾಗೆ ನಿಲ್ಲಿಸುತ್ತಿದ್ದರಂತೆ. ಅಂದರೆ ಬಿದ್ದ ಸಾಮಾನು ಜೋಡಿಸಿ ಮಾಡಿದ ಶಿಲ್ಪ! ನಾನು ಏನೋ ಹೊಸದು ಮಾಡ್ತಿದ್ದೀನಿ ಅಂತ ಅಂದುಕೊಂಡಿದ್ದೆ, ಟ್ರೋಫಿ ಹುಟ್ಟಿದ್ದೇ ಹಾಗೆ.

ಇನ್ನು ಒಂದು ಸೇರಿನ ವಿಷಯ. ಇದನ್ನು ಬರೆಯೋದೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ.

ಕಬ್ಬಿನ ಕತ್ತಿ ಹುಡುಕಿಕೊಂಡು ಶ್ರೀರಂಗಪಟ್ಟಣದಾಚೆ ಒಂದು ಹಳ್ಳಿಗೆ ಹೋಗಿದ್ದೆ. ಒಂದು ಮನೆಯ ಹುಡುಗ ಅಟ್ಟದಿಂದ ಏನೇನೋ ಇಳಿಸಿ ತೋರಿಸಿದ. ಅದರಲ್ಲೊಂದು ಕಬ್ಬಿಣದ ಸೇರು. ರಾಗಿ ಅಳೆಯೋ ಹಳೇ ಸೇರು, ಅಂಚಿಗೆ ಹಿತ್ತಾಳೆ ಪಟ್ಟಿ, ಪಕ್ಕದಲ್ಲಿ ಸವೆದುಹೋದ ಸರ್ಕಾರಿ ಮುದ್ರೆ. ನೋಡಿದ ಕೂಡಲೇ ಹುಲಿ ಮೂತಿ ಅಂತ ಗೊತ್ತಾಯಿತು. ಅಳತೆ ಮಾಡೋ ಪಾತ್ರೆಯೇ ಹುಲಿಯ ಬಾಯಾಗೋದು, ಇದಕ್ಕಿಂತ ಏನು ಬೇಕು? 300 ರೂಪಾಯಿ ಕೊಟ್ಟೆ. ಹುಡುಗ 200 ಅಂದುಕೊಂಡಿದ್ದನಂತೆ, ಖುಷಿಯಾದ. ನಾನೂ ಖುಷಿಯಾದೆ, ಯಾಕೆಂದರೆ ಆ್ಯಂಟಿಕ್ ಅಂಗಡಿಯಲ್ಲಿ ಅದಕ್ಕೆ ಎಷ್ಟು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಮನೆಗೆ ಬಂದವನೇ ತವರದ ತಲೆಯ ಸರಳಿಗೆ ವೆಲ್ಡ್ ಮಾಡಿದೆ. ಐದರಲ್ಲಿ ಅದೇ ಚೆನ್ನಾಗಿ ಬಂದಿತ್ತು.

ಒಂದು ತಿಂಗಳ ನಂತರ ಇನ್ನಷ್ಟು ಕತ್ತಿಗೆ ಅದೇ ಊರಿಗೆ ಹೋದೆ. ಜಗುಲಿ ಮೇಲೆ ಹುಡುಗನ ಅಜ್ಜಿ ಕೂತಿದ್ದರು. "ನೀನೇನಾ ಸೇರು ತಕೊಂಡೋದೋನು?" ಅಂದರು. ಹೌದು ಅಂದೆ. "ನಾನು ಮಗಳ ಮನೆಗೆ ಹೋಗಿದ್ದೆ, ಈ ಬೇವಾರ್ಸಿ ಮಾರಿಬುಟ್ಟವ್ನೆ. ಅದು ನಮ್ಮತ್ತೆ ಸೇರು. ಅದರಲ್ಲಿ ಅಳೆದು ಕೊಟ್ರೆ ಊರಲ್ಲಿ ಯಾರೂ ತಿರುಗಿ ಅಳೀತಿರಲಿಲ್ಲ." ಬೈಯಲಿಲ್ಲ, ಸುಮ್ನೆ ಹೇಳಿದರು. ನಾನು ದುಡ್ಡು ಕೊಟ್ಟಿದ್ದೇನಲ್ಲ ಅಜ್ಜಿ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಪ್ರೈಜ್ ಏಜೆಂಟರೂ ರಸೀದಿ ಬರೆದೇ ಇಟ್ಟಿದ್ದರು.

ಎರಡು ದಿನ ತಲೆ ಮುಂದೆ ಕೂತು ನೋಡಿದೆ. ಇದು ಕಲೆ, ದೊಡ್ಡ ಪ್ರಶ್ನೆ ಕೇಳುತ್ತೆ, ಸೇರು ಅಟ್ಟದ ಮೇಲೆ ತುಕ್ಕು ಹಿಡಿದು ಕೂತಿತ್ತು, ನಾನು ಉಳಿಸಿದೆ, ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಲಂಡನ್ನಿನ ಮ್ಯೂಸಿಯಂಗಳು ಹೇಳೋ ಮಾತನ್ನೇ ನಾನು ಶೆಡ್ಡಿನಲ್ಲಿ ಕೂತು ಹೇಳುತ್ತಿದ್ದೆ. ಗ್ರೈಂಡರ್ ತಗೊಂಡು ಕತ್ತರಿಸಿದೆ. ಹಳೇ ಕಬ್ಬಿಣ, ಒಳಗೆಲ್ಲ ತುಕ್ಕು ತಿಂದಿತ್ತು, ವೆಲ್ಡ್ ಹಾಕಿದ್ದ ಕಡೆ ತಳದಲ್ಲಿ ಹೆಬ್ಬೆಟ್ಟಿನಷ್ಟು ತೂತು ಬಿತ್ತು.

ತಗೊಂಡು ಹೋಗಿ ಕೊಟ್ಟೆ. ಅಜ್ಜಿ ಸೇರನ್ನು ತಿರುಗಿಸಿ ನೋಡಿ, ತೂತಿನಲ್ಲಿ ಬೆರಳು ತೂರಿಸಿ, "ಇನ್ನು ಇದರಲ್ಲಿ ಯಾರಿಗೆ ಅಳೆದು ಕೊಡಾದು?" ಅಂದರು. ಹೊಸ ಸ್ಟೀಲಿನದು ತಂದುಕೊಡ್ತೀನಿ ಅಂದೆ. ಬೇಡ ಅಂದರು. 300 ವಾಪಸ್ ಕೊಡೋಕೆ ಬಂದರು, ನಾನು ತಗೊಳ್ಳಲಿಲ್ಲ. ಸೇರನ್ನು ಒಳಗೆ ಇಟ್ಟುಕೊಂಡರು. ಕಾಫಿ ಕೊಟ್ಟರು. ಅಷ್ಟೇ.

ತವರದ ತಲೆಗೆ ಮೂತಿ ಇಲ್ಲ ಈಗ. ಕಣ್ಣಿದೆ, ಕಿವಿ ಇದೆ, ಹಲ್ಲಿದೆ, ಮಧ್ಯೆ ಒಂದು ಗುಂಡಗಿನ ಖಾಲಿ ಜಾಗ, ಕಪ್ಪು ಸುಟ್ಟ ಗುರುತು. ಬೇರೆ ಡಬ್ಬ ಹಾಕಿ ನೋಡಿದೆ, ಸರಿ ಬರಲಿಲ್ಲ, ಬಿಟ್ಟೆ.

ಫಲಕಗಳ ವಿಷಯ ಹೇಳ್ತೀನಿ ಅಂದಿದ್ದೆ. ಹಳೇ ಟ್ರೋಫಿ ಫಲಕದಲ್ಲಿ ಸಾಮಾನ್ಯವಾಗಿ ಜಾಗ, ತಾರೀಕು, ಹೊಡೆದವನ ಹೆಸರು, ಕೆಲವು ಸಲ ಅಳತೆ. ಹುಲಿ ಅಳೆಯೋಕೆ ಎರಡು ಪದ್ಧತಿ ಇತ್ತು. ಮೂಗಿನ ತುದಿಗೊಂದು, ಬಾಲದ ತುದಿಗೊಂದು ಗೂಟ ಹೊಡೆದು ನಡುವೆ ನೇರ ಅಳೆಯೋದು ಒಂದು. ಮೈ ಏರಿಳಿತದ ಮೇಲೆಲ್ಲ ಟೇಪು ಹಾಯಿಸೋದು ಇನ್ನೊಂದು, ಇದರಲ್ಲಿ ಅದೇ ಹುಲಿ ಕೆಲವು ಇಂಚು ಉದ್ದ ಆಗುತ್ತೆ. ದೊಡ್ಡ ಅತಿಥಿ ಬಂದಾಗ ಯಾವುದು ಬಳಸುತ್ತಿದ್ದರು ಅಂತ ಊಹಿಸಿಕೊಳ್ಳಿ. ಕಾಡು ಸೋವಿ ಹುಲಿಯನ್ನು ಬಂದೂಕಿನ ಮುಂದಕ್ಕೆ ಅಟ್ಟಿದವರ ಹೆಸರು ನಾನು ನೋಡಿದ ಯಾವ ಫಲಕದಲ್ಲೂ ಇಲ್ಲ.

ನಮ್ಮಲ್ಲಿ ಇದಕ್ಕೆ ಇನ್ನೊಂದು ದಾರಿ ಇತ್ತು ಅನ್ನೋದು ಆತಕೂರಿನ ಶಾಸನ ನೆನಪಾದಾಗ ಹೊಳೆಯಿತು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರು, ಹತ್ತನೇ ಶತಮಾನದ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ವಂಶದ ರಾಜ ಬೂತುಗನ ಹತ್ತಿರ ಕಾಳಿ ಅಂತ ಒಂದು ಬೇಟೆ ನಾಯಿ ಇತ್ತು, ಅದನ್ನು ಮಣಲೆರ ಅನ್ನೋ ವೀರ ಮೆಚ್ಚಿ ಕೇಳಿ ಪಡೆದ. ಕಾಳಿ ಒಂದು ದೊಡ್ಡ ಹಂದಿ ಜೊತೆ ಕಾದಾಡಿ, ನಾಯಿ ಹಂದಿ ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ನಾಯಿ ಹಂದಿ ಎರಡನ್ನೂ ಕೆತ್ತಿಸಿದರು. ಸತ್ತ ನಾಯಿಯ ಹೆಸರು ಸಾವಿರ ವರ್ಷ ಉಳಿದಿದೆ. ವೀರಗಲ್ಲು ಸತ್ತವರ ಕಡೆಯಿಂದ ಮಾತಾಡುತ್ತೆ, ಟ್ರೋಫಿ ಕೊಂದವನ ಕಡೆಯಿಂದ. ನಾವೇನು ಸಾಧುಗಳಾಗಿರಲಿಲ್ಲ ಬಿಡಿ, ತುರು ಹೊಡೆದುಕೊಂಡು ಹೋಗೋದು, ಊರು ಸುಡೋದು ಎಲ್ಲ ನಮ್ಮ ರಾಜರೂ ಮಾಡಿದ್ದೇ. ಆದರೆ ಹೆಸರು ಯಾರದ್ದು ಬರೀಬೇಕು ಅನ್ನೋದರಲ್ಲಿ ನನಗೆ ಆ ಕಲ್ಲು ದಾರಿ ತೋರಿಸಿತು.

ಹಾಗಾಗಿ ನನ್ನ ಹಿತ್ತಾಳೆ ಫಲಕದಲ್ಲಿ ನನ್ನ ಹೆಸರಿಲ್ಲ. ಯಾವ ಸಾಮಾನು ಯಾವ ಊರಿನಿಂದ ಬಂತು, ಎಷ್ಟು ತೂಕ, ನಾನು ಕೊಟ್ಟ ದುಡ್ಡು ಎಷ್ಟು, ಇಷ್ಟೇ. ಕಬ್ಬಿಣ ಕೆಜಿಗೆ 30ರ ಆಸುಪಾಸು, ಹಿತ್ತಾಳೆ 400 ದಾಟಿತ್ತು ಆಗ. ತವರದ ತಲೆಯ ಫಲಕದಲ್ಲಿ ಕೊನೆಯ ಸಾಲು: ಸೇರು 1, 300 ರೂಪಾಯಿ, ವಾಪಸ್.

ಕಳೆದ ವರ್ಷ ಜನವರಿಯಲ್ಲಿ ಸ್ನೇಹಿತನ ಹಳೇ ಮನೆಯ ಪಡಸಾಲೆಯಲ್ಲಿ ಐದನ್ನೂ ಸಾಲಾಗಿ ನೇತುಹಾಕಿದೆ. ಗ್ಯಾಲರಿಗೆ ಬಾಡಿಗೆ ಕೊಡೋ ಶಕ್ತಿ ಇರಲಿಲ್ಲ. ಬಾಗಿಲ ಹತ್ತಿರ ಭಾಯ್ ಕೊಟ್ಟ ಗುಜರಿ ತಕ್ಕಡಿ. ಟಿಪ್ಪು ಅಂದ ಕೂಡಲೇ ನಮ್ಮಲ್ಲಿ ಏನಾಗುತ್ತೆ ಅಂತ ಗೊತ್ತಲ್ಲ? ಮೊದಲ ದಿನವೇ ಒಬ್ಬರು "ನೀವು ಟಿಪ್ಪು ಪರವೋ ವಿರೋಧವೋ?" ಅಂದರು. ತಕ್ಕಡಿ ತೋರಿಸಿ, ನಾನು ಇದರ ಬಗ್ಗೆ ಮಾಡಿದ್ದು ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಸಂಜೆ ಇನ್ನೊಬ್ಬರು ಬಂದು ಅದನ್ನೇ ಉಲ್ಟಾ ಕೇಳಿದರು. ಲಂಡನ್‌ನಲ್ಲಿರೋ ನನ್ನ ಚಿಕ್ಕಪ್ಪನ ಮಗಳು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಿಂದ ಟಿಪ್ಪುವಿನ ಮರದ ಹುಲಿಯ ವಿಡಿಯೋ ಕಳಿಸಿದ್ದಳು, ಬಿಳಿ ಸೋಲ್ಜರನ ಮೇಲೆ ಎರಗಿರೋ ಹುಲಿ, ಹೊಟ್ಟೆಯಲ್ಲಿ ಆರ್ಗನ್, ಹಿಡಿ ತಿರುಗಿಸಿದರೆ ಕೂಗೋ ಥರ ಮಾಡಿದ್ದು. ಗೋಡೆಗೆ ಅದನ್ನೂ ಹಾಕಿದ್ದೆ. ಹಿಂದೆ ಕಂಪನಿಯ ಲಂಡನ್ ಕಚೇರಿಯಲ್ಲಿ ಅದನ್ನು ಇಟ್ಟಿದ್ದಾಗ ನೋಡೋಕೆ ಬಂದವರು ಸುಮ್ನೆ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತಾ ಕೂತವರಿಗೆ ಕಾಟವೋ ಕಾಟ. ಮಕ್ಕಳಿಗೆ ಇದು ಬಹಳ ಹಿಡಿಸಿತು.

ಮೂರನೇ ದಿನ ಒಬ್ಬರು ಇಂಟೀರಿಯರ್ ಡಿಸೈನರ್ ಬಂದರು. ಕಾಡಿನ ಹತ್ತಿರ ರೆಸಾರ್ಟ್ ಮಾಡುತ್ತಿದ್ದಾರೆ, ಲಾಬಿಗೆ "ಬ್ರಿಟಿಷ್ ಕಾಲದ ಬೇಟೆ ಬಂಗಲೆ ಫೀಲ್" ಬೇಕಂತೆ, ನಿಜವಾದ ತಲೆ ಹಾಕೋಕೆ ಕಾನೂನು ಬಿಡಲ್ಲ, ನಿಮ್ಮದು ಪರ್ಫೆಕ್ಟ್ ಅಂದರು. ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಫಲಕ ಓದಿದ್ರಾ ಅಂದೆ. ಓದಿದೆ, ತುಂಬಾ ಇಂಟ್ರೆಸ್ಟಿಂಗ್ ಅಂದರು. ನಾಲ್ಕು ಕೊಡಿ, ಆ ತಗಡಿನದು ಬೇಡ, ಮುಖ ಮುರಿದಿದೆ ಅಂದರು.

ಇಲ್ಲ ಅಂತ ಹೇಳಿ ಕಳಿಸಿದೆ ಅಂತ ಬರೆದರೆ ಚೆನ್ನಾಗಿರುತ್ತೆ. ಆದರೆ ಶೆಡ್ಡಿನ ಬಾಡಿಗೆ ಮೂರು ತಿಂಗಳದ್ದು ಬಾಕಿ ಇತ್ತು. ಚಿನ್ನದ ದರ್ಜೆಯದು ಒಂದನ್ನು 60,000ಕ್ಕೆ ಕೊಟ್ಟೆ. ಟ್ಯಾಂಕ್, ಬೋರ್ಡು, ಕಡ್ಡಿ, ಎಲ್ಲಾ ಸೇರಿ ನನಗೆ ಬಿದ್ದಿದ್ದು 2,340 ರೂಪಾಯಿ. ಫಲಕ ತೆಗೆಯಬಾರದು ಅಂತ ಬಿಲ್ಲಿನ ಮೇಲೆ ಬರೆಸಿಕೊಂಡೆ. ಆರು ತಿಂಗಳ ನಂತರ ಅಲ್ಲಿಗೆ ಹೋಗಿದ್ದ ಪರಿಚಯದವರು ತಲೆ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದರು. ಫಲಕ ಇದ್ದ ಜಾಗದಲ್ಲಿ ಎರಡು ಸ್ಕ್ರೂ ತೂತು.

ಉಳಿದ ಮೂರು ನನ್ನ ಶೆಡ್ಡಿನಲ್ಲಿವೆ. ತವರದ್ದನ್ನು ಮಾತ್ರ ಮೊನ್ನೆ ತಕ್ಕಡಿ ವಾಪಸ್ ಕೊಡೋಕೆ ಹೋದಾಗ ಜೊತೆಗೆ ಒಯ್ದೆ. ಮಾರೋಕಲ್ಲ, ಭಾಯ್ ಏನು ಹೇಳುತ್ತಾರೆ ನೋಡೋಣ ಅಂತ. ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ತಟ್ಟೆಗೆ ಹಾಕಿ, ಬಟ್ಟು ಇಟ್ಟರು.

"ಆರೂವರೆ ಕೆಜಿ. ತಗಡು, ಸರಳು ಬೇರೆ ಬೇರೆ ಮಾಡಬೇಕು ಸಾರ್, ಕೂಲಿ ಹೋಗುತ್ತೆ. ನೂರೈವತ್ತು ಕೊಡ್ತೀನಿ."

"ಕಣ್ಣು?"

"ಗೋಲಿ ನೀವೇ ಇಟ್ಕೊಳಿ. ಗಾಜು ನಾವು ತಗೊಳ್ಳಲ್ಲ."